ರಾತ್ರಿ ಉಸಿರು ಕಟ್ಟಿದಾಗ ಮೊದಲು ಏನು ನೋಡಬೇಕು? ಆಂಬುಲೆನ್ಸಿನಲ್ಲಿ ಆಕ್ಸಿಜನ್ ಕಮ್ಮಿ ಮಾಡಿದ್ದು ಸರಿಯಾ?

ತೋಟದಮನೆ_ಕೊಪ್ಪ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ ಉತ್ತರ ಕೊಡಿ.

ನಮ್ಮ ಚಿಕ್ಕಪ್ಪನಿಗೆ ಅರವತ್ತು ದಾಟಿದೆ. ಸಣ್ಣ ವಯಸ್ಸಿನಿಂದ ಬೀಡಿ. ಚಳಿ ಶುರುವಾದರೆ ಕೆಮ್ಮು, ಕಫ ಇದ್ದದ್ದೇ. ಹೋದ ವಾರ ಅಡಿಕೆ ಬೇಯಿಸುವ ಕೆಲಸ ಇತ್ತು. ಇಡೀ ದಿನ ಹಂಡೆ ಒಲೆಯ ಹೊಗೆಯಲ್ಲೇ ಇದ್ದರು. ರಾತ್ರಿ ಎರಡರ ಸುಮಾರಿಗೆ ಏದುಸಿರು ಹತ್ತಿತು. ಎರಡು ಮಾತು ಆಡಿ ನಿಲ್ಲಿಸುತ್ತಿದ್ದರು. ಪಕ್ಕದ ಮನೆಯವರು ಬಂದು ಮಲಗಿಸಿ, ಎದೆಗೆ ಎಣ್ಣೆ ಹಚ್ಚಿ ಎಂದರು. ಮಲಗಿಸಿದರೆ ಜಾಸ್ತಿ ಆಗುತ್ತಿತ್ತು, ಅವರೇ ಎದ್ದೆದ್ದು ಕೂರುತ್ತಿದ್ದರು. ಆಕ್ಸಿಮೀಟರ್ 84 ತೋರಿಸಿತು. 108ಕ್ಕೆ ಫೋನ್ ಮಾಡಿದೆವು.

ಆಂಬುಲೆನ್ಸಿನ ಹುಡುಗ ಆಕ್ಸಿಜನ್ ಹಾಕಿದ. 91ಕ್ಕೆ ಬಂದ ಕೂಡಲೇ ಕಮ್ಮಿ ಮಾಡಿದ. ನನ್ನ ತಮ್ಮ ಜಗಳಕ್ಕೇ ನಿಂತ, 100 ಬರುವ ತನಕ ಜಾಸ್ತಿ ಬಿಡು ಅಂತ. ಆತ ಕೇಳಲಿಲ್ಲ. ಈಗ ಚಿಕ್ಕಪ್ಪ ಹುಷಾರಾಗಿ ಮನೆಗೆ ಬಂದಿದ್ದಾರೆ. ಆದರೆ ಮನೆಯಲ್ಲಿ ಈ ವಾದ ಇನ್ನೂ ಮುಗಿದಿಲ್ಲ.

ಆತ ಮಾಡಿದ್ದು ಸರಿಯಾ? ಇನ್ನೊಂದು, ಗಾಡಿ ಬರುವ ತನಕ ಮನೆಯವರು ನೋಡಬೇಕಾದ್ದು ಏನು? ನಮ್ಮಲ್ಲಿ ಘಾಟಿ ದಾರಿ, ಗಾಡಿ ಬರಲು ಸಮಯ ಹಿಡಿಯುತ್ತದೆ.

ಜಯನಗರ_4ನೇ_ಬ್ಲಾಕ್

ಸುಮ್ನೆ ಬಿಡಬೇಡಿ, ದೂರು ಕೊಡಿ. ಕೋವಿಡ್ ಸಮಯದಲ್ಲಿ ನಮಗೆಲ್ಲ ಹೇಳಿದ್ದು 94ಕ್ಕಿಂತ ಕೆಳಗೆ ಹೋದರೆ ಆಸ್ಪತ್ರೆ ಅಂತ. 91ರಲ್ಲಿ ಆಕ್ಸಿಜನ್ ಕಮ್ಮಿ ಮಾಡುವುದು ಅಂದರೆ ಏನು?

ರಾತ್ರಿಪಾಳಿ_ಡಾಕ್ಟರ್

ದೂರು ಬೇಡ. ಆ ಹುಡುಗನಿಗೆ ಥ್ಯಾಂಕ್ಸ್ ಹೇಳಿ.

ವರ್ಷಗಟ್ಟಲೆ ಬೀಡಿ, ಚಳಿಗಾಲದ ಕಫ, ಹೊಗೆ ಕುಡಿದ ಮೇಲೆ ಏದುಸಿರು. ಇದು ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಕಾಯಿಲೆ, ಇರುವ ಸಾಧ್ಯತೆ ಬಹಳ. ಇಂಥವರಿಗೆ ಆಕ್ಸಿಜನ್ ಗುರಿ 88ರಿಂದ 92. ಬೇರೆಯವರಿಗೆ 94ರಿಂದ 98. ಸಿಒಪಿಡಿ ಇರುವವರಿಗೆ ಬೇಕಾಬಿಟ್ಟಿ ಆಕ್ಸಿಜನ್ ಕೊಟ್ಟರೆ ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಏರುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು, ಕೈ ನಡುಕ, ಕೊನೆಗೆ ಎಚ್ಚರ ತಪ್ಪುತ್ತದೆ. ಮೀಟರಿನಲ್ಲಿ ಮಾತ್ರ 99 ಇರುತ್ತದೆ. ಮನೆಯವರು "ನಿದ್ದೆ ಬಂತು, ಆರಾಮಾಯಿತು" ಅಂದುಕೊಳ್ಳುತ್ತಾರೆ. ಅದು ಆರಾಮದ ನಿದ್ದೆ ಅಲ್ಲ.

ಕೋವಿಡ್ ಮಾತು ಬಂತಲ್ಲ, ಆಗಿನ ನಮ್ಮ ದೇಶದ ಚಿಕಿತ್ಸಾ ಸೂಚಿಯಲ್ಲೂ 92ರಿಂದ 96 ಗುರಿ, ಸಿಒಪಿಡಿ ಇದ್ದರೆ 88ರಿಂದ 92 ಅಂತಲೇ ಇತ್ತು. ಎರಡನೇ ಭಾಗ ಯಾರ ಕಣ್ಣಿಗೂ ಬೀಳಲಿಲ್ಲ.

ಜಯನಗರ_4ನೇ_ಬ್ಲಾಕ್

ಪುಸ್ತಕದಲ್ಲಿ ಇರಬಹುದು ಡಾಕ್ಟರೇ. ಉಸಿರು ಸಿಗದೆ ಒದ್ದಾಡುವವರ ಎದುರು ಆಕ್ಸಿಜನ್ ತಿರುಗಿಸಿ ಕಮ್ಮಿ ಮಾಡುವುದನ್ನು ನೋಡುವುದು ಮನೆಯವರಿಗೆ ಎಷ್ಟು ಕಷ್ಟ ಗೊತ್ತಾ? ಪುರಾವೆ ಇದೆಯಾ?

ರಾತ್ರಿಪಾಳಿ_ಡಾಕ್ಟರ್

ಇದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಇದನ್ನೇ ಆಂಬುಲೆನ್ಸುಗಳಲ್ಲಿ ಪರೀಕ್ಷೆ ಮಾಡಿದರು. 405 ರೋಗಿಗಳು. ಒಂದು ಗುಂಪಿಗೆ ಮಾಸ್ಕಿನಲ್ಲಿ ಜೋರಾಗಿ ಆಕ್ಸಿಜನ್, ಇನ್ನೊಂದಕ್ಕೆ 88ರಿಂದ 92ರೊಳಗೆ ಇಟ್ಟು ಅಳತೆಯಲ್ಲಿ. ಜೋರಾಗಿ ಕೊಟ್ಟವರಲ್ಲಿ 100ಕ್ಕೆ ಸುಮಾರು 9 ಜನ ತೀರಿಕೊಂಡರು, ಅಳತೆಯಲ್ಲಿ ಕೊಟ್ಟವರಲ್ಲಿ 4. ಇದು 2010ರಲ್ಲಿ ಪ್ರಕಟವಾಯಿತು.

ಆದರೆ ಒಂದು ಮಾತು ಸೇರಿಸಲೇಬೇಕು. ಕಮ್ಮಿ ಮಾಡುವುದು ಅಂದರೆ ನಿಲ್ಲಿಸುವುದಲ್ಲ. 84 ಇದ್ದಾಗ ಕೊಡಲೇಬೇಕು. ಸಿಒಪಿಡಿ ಅಂತ ಹೆದರಿ ಆಕ್ಸಿಜನ್ನೇ ಕೊಡದೆ ಕೂರುವುದು ಅದಕ್ಕಿಂತ ದೊಡ್ಡ ತಪ್ಪು. ಅಂಥದ್ದನ್ನೂ ನಾನು ನೋಡಿದ್ದೇನೆ.

ಪಲ್ಮೊ_ಪಿಜಿ

ಮೇಡಂ ಹೇಳಿದ್ದು ಸರಿ. ಇದರ ಕಾರಣವನ್ನು ಮಾತ್ರ ಹಲವರು ತಪ್ಪಾಗಿ ಹೇಳುತ್ತಾರೆ. ಆಕ್ಸಿಜನ್ ಕೊಟ್ಟರೆ ಮೆದುಳು ಉಸಿರಾಡುವುದನ್ನೇ ಮರೆಯುತ್ತದೆ ಅಂತ ನಮಗೂ ಎಂಬಿಬಿಎಸ್‌ನಲ್ಲಿ ಹೇಳಿದ್ದರು. ಅದರ ಪಾಲು ಸಣ್ಣದು. ಮುಖ್ಯ ಕಾರಣ ಬೇರೆ. ಶ್ವಾಸಕೋಶದಲ್ಲಿ ಗಾಳಿ ಸರಿಯಾಗಿ ಹೋಗದ ಜಾಗಗಳಿಗೆ ದೇಹವೇ ರಕ್ತ ಕಮ್ಮಿ ಮಾಡಿರುತ್ತದೆ. ಜಾಸ್ತಿ ಆಕ್ಸಿಜನ್ ಕೊಟ್ಟರೆ ಆ ಜಾಗಕ್ಕೂ ರಕ್ತ ನುಗ್ಗುತ್ತದೆ. ಅಲ್ಲಿ ಗಾಳಿ ಆಡುವುದಿಲ್ಲ, ಹಾಗಾಗಿ ಕಾರ್ಬನ್ ಡೈ ಆಕ್ಸೈಡ್ ಹೊರಗೆ ಹೋಗದೆ ಉಳಿಯುತ್ತದೆ.

ಇಎಂಟಿ_ಹಾಸನ_ಕಡೆ

ನಾನು ಆಂಬುಲೆನ್ಸಿನಲ್ಲೇ ಕೆಲಸ ಮಾಡುವವನು. ಆ ಹುಡುಗನ ಪರವಾಗಿ ಎರಡು ಮಾತು.

ಗಾಡಿ ಒಳಗೆ ನಾನು ಮೊದಲು ಮಾಡುವುದು ಮೀಟರ್ ಹಾಕುವುದಲ್ಲ, ಮಾತಾಡಿಸುವುದು. "ಅಜ್ಜಾ, ಊಟ ಏನು ಮಾಡಿದ್ರಿ?" ಪೂರ್ತಿ ವಾಕ್ಯದಲ್ಲಿ ಉತ್ತರ ಬಂದರೆ ಸ್ವಲ್ಪ ಸಮಯ ಇದೆ. "ಮುದ್ದೆ..." ಅಂದು ಉಸಿರು ಎಳೆದು, "ಸಾರು..." ಅಂದರೆ ಸಮಯ ಇಲ್ಲ. ಉತ್ತರವೇ ಬರದೆ ತೂಕಡಿಸಿದರೆ ಆಂಬು ಬ್ಯಾಗ್, ಅಂದರೆ ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲ, ಕೈಗೆ ತೆಗೆದುಕೊಳ್ಳುತ್ತೇನೆ. ಆಮೇಲೆ ಕುತ್ತಿಗೆ ನೋಡುತ್ತೇನೆ. ಉಸಿರು ಎಳೆದಾಗ ಕುತ್ತಿಗೆಯ ನರ, ಸ್ನಾಯು ಎದ್ದು ಕಾಣುತ್ತವಾ, ಗಂಟಲ ಕೆಳಗಿನ ಗುಂಡಿ ಒಳಗೆ ಹೋಗುತ್ತದಾ. ತುಟಿ ನೀಲಿಯಾ. ಬೆವರು ಇದೆಯಾ. ಇಷ್ಟಕ್ಕೆ ಅರ್ಧ ನಿಮಿಷ ಸಾಕು.

ಮನೆಯವರಿಗೆ ಹೇಳುವುದು ಇಷ್ಟೇ. ಕೂರಿಸಿ. ಮುಂದೆ ಒಂದು ಸ್ಟೂಲ್ ಮೇಲೆ ದಿಂಬು ಇಟ್ಟು ಅದರ ಮೇಲೆ ಕೈ ಊರಿಕೊಳ್ಳಲಿ. ಬಿಗಿ ಬಟ್ಟೆ, ಮಫ್ಲರ್ ತೆಗೆಯಿರಿ. ಸುತ್ತ ಜನ ಸೇರಿಸಬೇಡಿ. ನೀರು, ಕಷಾಯ ಕುಡಿಸಬೇಡಿ, ಏದುಸಿರಲ್ಲಿ ಅದು ಶ್ವಾಸನಾಳಕ್ಕೆ ಹೋಗುತ್ತದೆ. ಒಬ್ಬರು ಟಾರ್ಚ್ ಹಿಡಿದು ರಸ್ತೆಗೆ ಬನ್ನಿ. ಹಳೆ ಚೀಟಿ, ಮಾತ್ರೆ, ಉಸಿರಲ್ಲಿ ಔಷಧ ಎಳೆಯುವ ಪಂಪು (ಇನ್ಹೇಲರ್) ಎಲ್ಲ ಒಂದು ಚೀಲದಲ್ಲಿ ಹಾಕಿ ಕೈಗೆ ಕೊಡಿ. ಮಲೆನಾಡಿನ ಒಂಟಿ ಮನೆಗಳಲ್ಲಿ ದಾರಿ ಹುಡುಕುವುದರಲ್ಲೇ ಎಷ್ಟೋ ಹೊತ್ತು ಹೋಗುತ್ತದೆ.

ಮಂಡ್ಯ_ಮಗ

ಒಂದು ನಿಮಿಷಕ್ಕೆ ಎಷ್ಟು ಉಸಿರು ಇರಬೇಕು? ಯಾರೂ ಹೇಳಲಿಲ್ಲ.

ರಾತ್ರಿಪಾಳಿ_ಡಾಕ್ಟರ್

ದೊಡ್ಡವರಿಗೆ ಆರಾಮಾಗಿ ಕೂತಾಗ 12ರಿಂದ 20. 25 ದಾಟಿದರೆ ಕಾಳಜಿ, 30 ದಾಟಿದರೆ ತುರ್ತು. ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಸುತ್ತಿದ್ದೇನೆ ಅಂತ ಅವರಿಗೆ ಹೇಳಬೇಡಿ, ಗೊತ್ತಾದರೆ ಉಸಿರು ಬದಲಾಗುತ್ತದೆ. ನಾಡಿ ಹಿಡಿದಂತೆ ಕೈ ಹಿಡಿದು ಹೊಟ್ಟೆ ನೋಡಿ.

ಮಕ್ಕಳ ಲೆಕ್ಕವೇ ಬೇರೆ. ಅದನ್ನು ಯಾರಾದರೂ ಬರೆಯಿರಿ, ನನಗೆ ಡ್ಯೂಟಿ ಹೊತ್ತಾಯಿತು.

ಆಶಾ_ರಾಯಚೂರು

ನಾನು ಬರೆಯುತ್ತೇನೆ. ನಮಗೆ ತರಬೇತಿಯಲ್ಲಿ ಕಲಿಸಿದ್ದು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, ಎರಡರಿಂದ ಹನ್ನೆರಡು ತಿಂಗಳೊಳಗೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷದೊಳಗೆ 40 ಅಥವಾ ಜಾಸ್ತಿ ಇದ್ದರೆ ಅದು ವೇಗದ ಉಸಿರು. ಮಗು ಅಳುವಾಗ, ಹಾಲು ಕುಡಿಯುವಾಗ ಎಣಿಸಬಾರದು.

ಅದಕ್ಕಿಂತ ಮುಖ್ಯ ಪಕ್ಕೆ ಸೆಳೆತ. ಅಂಗಿ ಎತ್ತಿ ನೋಡಬೇಕು. ಉಸಿರು ಒಳಗೆ ಎಳೆದಾಗ ಎದೆಯ ಕೆಳಗಿನ ಭಾಗ ಗುಳಿ ಬಿದ್ದರೆ ಕಾಯಬಾರದು. ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ ಅಲ್ಲೇ ಹೊರಡಬೇಕು. ನಮ್ಮ ಕಡೆ ಇನ್ನೂ ಹೊಟ್ಟೆ ಮೇಲೆ ಬರೆ ಹಾಕುತ್ತಾರೆ. ಸಿಟ್ಟು ಬರುತ್ತದೆ, ಆದರೆ ಸಿಟ್ಟು ಮಾಡಿದರೆ ಮುಂದಿನ ಸಲ ನಮ್ಮನ್ನು ಕರೆಯುವುದೇ ಇಲ್ಲ. ಮೆಲ್ಲಗೆ ಹೇಳಿ ಕರೆದುಕೊಂಡು ಹೋಗುತ್ತೇವೆ. ನ್ಯುಮೋನಿಯಾಕ್ಕೆ ಬರೆ ಏನೂ ಮಾಡುವುದಿಲ್ಲ, ಗಾಯ ಮಾತ್ರ ಆಗುತ್ತದೆ.

ಮಂಡ್ಯ_ಮಗ

ಅಕ್ಕಾ ನಮಸ್ಕಾರ. ಇದನ್ನು ನಮ್ಮ ಮನೆಯವರ ಗುಂಪಿಗೆ ಕಳಿಸಿದೆ.

ಹುಬ್ಬಳ್ಳಿ_ಹುಡುಗಿ

ಮಕ್ಕಳ ಮಾತು ಬಂದದ್ದಕ್ಕೆ ಹೇಳುತ್ತೇನೆ. ಜ್ವರ ಇಲ್ಲ, ನೆಗಡಿ ಇಲ್ಲ, ಆಡುತ್ತಿದ್ದ ಮಗು ಒಮ್ಮೆಲೇ ಕೆಮ್ಮಿ ಉಸಿರಿಗೆ ಒದ್ದಾಡಿದರೆ ಬಾಯಲ್ಲಿ ಏನಿತ್ತು ಅಂತ ಮೊದಲು ಕೇಳಿ. ನಮ್ಮ ಅಕ್ಕನ ಮಗನಿಗೆ ಶೇಂಗಾ ಬೀಜ. ಒಂದು ದವಾಖಾನೆಯಲ್ಲಿ ಅಲರ್ಜಿ ಕೆಮ್ಮು ಅಂತ ಔಷಧ ಕೊಟ್ಟು ಕಳಿಸಿದ್ದರು. ಆಮೇಲೆ ಬೇರೆ ಡಾಕ್ಟರ್ ಒಂದೇ ಕಡೆ ಸುಂಯ್ ಅನ್ನುತ್ತಿದೆ ಅಂತ ಹಿಡಿದು, ಕೊಳವೆ ಹಾಕಿ ತೆಗೆಸಿದರು. ನಾಲ್ಕು ವರ್ಷದ ಒಳಗಿನವರಿಗೆ ಇಡೀ ಶೇಂಗಾ ಕೊಡಲೇಬೇಡ್ರಿ.

ಇಎಂಟಿ_ಹಾಸನ_ಕಡೆ

ಹೌದು. ಗಂಟಲಲ್ಲಿ ಸಿಕ್ಕಾಗ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿ ನಿಂತರೆ, ಅಳು ಬರದಿದ್ದರೆ, ಬೆನ್ನಿಗೆ ಐದು ಪೆಟ್ಟು, ಭುಜದ ಮೂಳೆಗಳ ನಡುವೆ. ಹೋಗದಿದ್ದರೆ ವರ್ಷ ದಾಟಿದವರಿಗೆ ಹೊಟ್ಟೆ ಮೇಲ್ಭಾಗ ಐದು ಸಲ ಒತ್ತಬೇಕು. ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆ ಒತ್ತಬೇಕು. ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಬೇಡಿ, ಇನ್ನೂ ಒಳಗೆ ಹೋಗುತ್ತದೆ.

ಮೈಸೂರು_ಮಲ್ಲಿಗೆ_77

ನನಗೆ ಚಿಕ್ಕಂದಿನಿಂದ ಆಸ್ತಮಾ. ಪಂಪ್ ಇಟ್ಟುಕೊಳ್ಳಲು ಮನೆಯಲ್ಲಿ ಬಿಡಲಿಲ್ಲ, ಅಭ್ಯಾಸ ಆಗುತ್ತದೆ, ಮದುವೆಗೆ ತೊಂದರೆ ಅಂತ. ಹೈದರಾಬಾದಿಗೆ ಕರೆದುಕೊಂಡು ಹೋಗಿ ಮೃಗಶಿರಾ ದಿನ ಜೀವಂತ ಮೀನು ನುಂಗಿಸಿದರು. ಏನೂ ಬದಲಾಗಲಿಲ್ಲ. ಪಾರ್ಥೇನಿಯಂ ಹೂ ಬಿಟ್ಟಾಗ ಪ್ರತಿ ಸಲ ರಾತ್ರಿ ಕೂತೇ ಬೆಳಗು ಮಾಡುತ್ತಿದ್ದೆ.

ಬೀದರ್_ಬಂಧು

ಆ ಮೀನಿನಿಂದ ಎಷ್ಟೋ ಜನರಿಗೆ ಗುಣ ಆಗಿದೆ. ನಂಬಿಕೆ ಬಗ್ಗೆ ಹಗುರವಾಗಿ ಮಾತಾಡಬೇಡಿ.

ಪಲ್ಮೊ_ಪಿಜಿ

ನಂಬಿಕೆ ಇರಲಿ ಸರ್, ಯಾರೂ ಬೇಡ ಅನ್ನುವುದಿಲ್ಲ. ನಿಮಗೆ ನನ್ನ ಬೇಡಿಕೆ ಒಂದೇ. ಪ್ರಸಾದಕ್ಕೆ ಹೋಗುವವರ ಜೇಬಿನಲ್ಲೂ ಪಂಪ್ ಇರಲಿ. ಆಸ್ತಮಾ ತಾನಾಗಿಯೇ ಕೆಲವು ತಿಂಗಳು ಸುಮ್ಮನಿದ್ದು ಮತ್ತೆ ಏಳುತ್ತದೆ. ಸುಮ್ಮನಿದ್ದ ತಿಂಗಳುಗಳ ಹೆಸರು ಯಾವುದಕ್ಕೋ ಹೋಗುತ್ತದೆ. ಎದ್ದ ರಾತ್ರಿ ಕೈಯಲ್ಲಿ ಔಷಧ ಇಲ್ಲದಿದ್ದರೆ ಜೀವ ಹೋಗಬಹುದು.

ಈಗ ದಾಳಿ ಬಂದಾಗ ಏನು ಮಾಡಬೇಕು ಅನ್ನುವುದು. ನೀಲಿ ಪಂಪ್, ಅಂದರೆ ಸಾಲ್ಬ್ಯುಟಮಾಲ್, ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಕೊಳವೆ) ಹಾಕಿ. ಒಂದು ಸಲ ಒತ್ತಿ, ನಾಲ್ಕು ಉಸಿರು ಎಳೆಯಿರಿ. ಹೀಗೆ ನಾಲ್ಕು ಸಲ. ನಾಲ್ಕು ನಿಮಿಷ ನೋಡಿ, ಸುಧಾರಿಸದಿದ್ದರೆ ಮತ್ತೆ ನಾಲ್ಕು, ಆಂಬುಲೆನ್ಸಿಗೆ ಫೋನ್, ಬರುವ ತನಕ ಹಾಗೇ ಮುಂದುವರಿಸಿ. ಆಸ್ಪತ್ರೆಯಲ್ಲೂ ಮೊದಲ ಗಂಟೆಯಲ್ಲಿ 20 ನಿಮಿಷಕ್ಕೊಮ್ಮೆ ಇದನ್ನೇ 4ರಿಂದ 10 ಸಲ ಕೊಡುತ್ತಾರೆ. ಸ್ಪೇಸರ್ ಜೊತೆ ಪಂಪ್ ನೆಬ್ಯುಲೈಸರಿನಷ್ಟೇ ಕೆಲಸ ಮಾಡುತ್ತದೆ. ಹೊಗೆ ಬರುವುದು ಕಂಡರೆ ಮಾತ್ರ ಔಷಧ ಅಂತ ನಮ್ಮ ಜನರಿಗೆ ಯಾಕೋ ನಂಬಿಕೆ. ಆಸ್ಪತ್ರೆಯಲ್ಲಿ ಜೊತೆಗೆ ಇಪ್ರಾಟ್ರೋಪಿಯಂ ಅನ್ನುವ ಇನ್ನೊಂದು ನಾಳ ಬಿಡಿಸುವ ಔಷಧ, ಊತ ಇಳಿಸುವ ಸ್ಟಿರಾಯ್ಡ್ ಮಾತ್ರೆ. ಸ್ಟಿರಾಯ್ಡ್ ಕೆಲಸ ಶುರುವಾಗಲು ಗಂಟೆಗಳು ಬೇಕು, ಅದಕ್ಕೇ ಬೇಗ ಕೊಡಬೇಕು. ಜಗ್ಗದಿದ್ದರೆ ಮೆಗ್ನೀಸಿಯಂ ಸಲ್ಫೇಟ್ 2 ಗ್ರಾಂ ನರದ ಮೂಲಕ, 20 ನಿಮಿಷದಲ್ಲಿ.

ತುಂಬಾ ಭಯ ಪಡಬೇಕಾದ್ದು ಯಾವುದು ಗೊತ್ತಾ? ಸುಂಯ್ ಶಬ್ದ ನಿಂತು ಹೋಗುವುದು. ಉಸಿರಿಗೆ ಇನ್ನೂ ಒದ್ದಾಟ ಇದೆ, ಆದರೆ ಎದೆ ನಿಶ್ಶಬ್ದ. ಗಾಳಿಯೇ ಓಡಾಡುತ್ತಿಲ್ಲ ಅಂತ ಅರ್ಥ. ಮನೆಯವರು ಶಬ್ದ ನಿಂತಿತು, ಕಮ್ಮಿ ಆಯಿತು ಅನ್ನುತ್ತಾರೆ.

ಮೈಸೂರು_ಮಲ್ಲಿಗೆ_77

ಈಗ ನಾನು ನೀಲಿ ಪಂಪ್ ಮಾತ್ರ ಇಟ್ಟುಕೊಂಡಿದ್ದೇನೆ. ಸಾಕಲ್ವಾ?

ಪಲ್ಮೊ_ಪಿಜಿ

ಸಾಕಾಗುವುದಿಲ್ಲ. ನೀಲಿ ಪಂಪ್ ನಾಳ ಬಿಡಿಸುತ್ತದೆ, ಊತ ಇಳಿಸುವುದಿಲ್ಲ. 2019ರಿಂದ ಜಾಗತಿಕ ಆಸ್ತಮಾ ಸೂಚಿಯೇ ನೀಲಿ ಒಂದರಲ್ಲೇ ಇರಬೇಡಿ, ಸ್ಟಿರಾಯ್ಡ್ ಇರುವ ಪಂಪ್ ಬೇಕೇ ಬೇಕು ಅನ್ನುತ್ತದೆ. ತಿಂಗಳಿಗೊಂದು ನೀಲಿ ಪಂಪ್ ಖಾಲಿ ಆಗುತ್ತಿದ್ದರೆ ಈ ವಾರವೇ ಡಾಕ್ಟರ್ ಹತ್ತಿರ ಹೋಗಿ.

ನಿವೃತ್ತ_ಫಾರ್ಮಸಿಸ್ಟ್

ಹಳ್ಳಿಗಳಲ್ಲಿ ಪಂಪ್ ಎಲ್ಲಿ ಕೊಡುತ್ತಾರೆ? ದಮ್ಮು ಅಂದ ಕೂಡಲೇ ಡೆರಿಫಿಲಿನ್ (ಶ್ವಾಸನಾಳ ಬಿಡಿಸುವ ಹಳೆ ಔಷಧ) ಮತ್ತು ಡೆಕ್ಸೋನಾ (ಸ್ಟಿರಾಯ್ಡ್) ಸೂಜಿ. ಹಾಕಿಸಿಕೊಂಡವರು ಎದೆ ಡವಡವ, ವಾಂತಿ ಅನ್ನುತ್ತಾರೆ. ಡೆರಿಫಿಲಿನ್ ತರಹದ ಔಷಧದಲ್ಲಿ ಉಪಕಾರದ ಮಟ್ಟಕ್ಕೂ ಅಪಾಯದ ಮಟ್ಟಕ್ಕೂ ಅಂತರ ಬಹಳ ಕಮ್ಮಿ. ಹೃದಯದ ಬಡಿತ ತಪ್ಪಬಹುದು, ಫಿಟ್ಸ್ ಬರಬಹುದು. ನಾನು ಅಂಗಡಿಯಲ್ಲಿ ಕೂತು ಎಷ್ಟು ಹೇಳಿದರೂ "ಸೂಜಿ ಹಾಕದ ಡಾಕ್ಟರ್ ಡಾಕ್ಟರೇ ಅಲ್ಲ" ಅನ್ನುತ್ತಿದ್ದರು ಜನ.

ಎಸ್ಟೇಟ್_ರೈಟರ್_ಮೂಡಿಗೆರೆ

ಸೂಜಿ ಅಂದ ಕೂಡಲೇ ನೆನಪಾಯಿತು. ನಮ್ಮಲ್ಲಿ ಹೆಜ್ಜೇನು ಹೊಡೆದು ಒಬ್ಬ ಕೆಲಸಗಾರನಿಗೆ ಮೈಯೆಲ್ಲ ದದ್ದು, ತುಟಿ ಊತ, ದನಿ ಗೊಗ್ಗರು, ಉಸಿರು ಕಷ್ಟ. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಅವಿಲ್ ಅನ್ನುವ ಅಲರ್ಜಿ ಸೂಜಿ ಹಾಕಿ ಕೂರಿಸಿದರು. ಸುಧಾರಿಸಲಿಲ್ಲ. ದೊಡ್ಡ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಬಿಪಿ ಇಳಿದಿತ್ತು. ಪುಣ್ಯ, ಬದುಕಿದ. ಅಲ್ಲಿಯ ನರ್ಸ್ ತೊಡೆಗೆ ಒಂದು ಸೂಜಿ ಹಾಕಿದರು, ನಾವು ನೋಡುತ್ತಿದ್ದ ಹಾಗೇ ಮುಖಕ್ಕೆ ಬಣ್ಣ ಬಂತು. ಅದೇನು?

ರಾತ್ರಿಪಾಳಿ_ಡಾಕ್ಟರ್

ಅಡ್ರಿನಲಿನ್. ಡ್ಯೂಟಿ ಮುಗಿಸಿ ಈಗ ನೋಡಿದೆ, ಇದಕ್ಕೆ ಉತ್ತರ ಕೊಡದೆ ಮಲಗಲು ಮನಸ್ಸಾಗಲಿಲ್ಲ.

ಅಲರ್ಜಿಯಿಂದ ಉಸಿರು ಕಟ್ಟಿದರೆ ಮೊದಲ ಔಷಧ ಅಡ್ರಿನಲಿನ್. ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ. ಸುಧಾರಿಸದಿದ್ದರೆ 5 ನಿಮಿಷಕ್ಕೆ ಮತ್ತೊಂದು. ಅವಿಲ್ ತುರಿಕೆ ಇಳಿಸುತ್ತದೆ, ಗಂಟಲ ಊತ ಬಿಡಿಸುವುದಿಲ್ಲ, ಬಿಪಿ ಎತ್ತುವುದಿಲ್ಲ. ಸ್ಟಿರಾಯ್ಡ್ ಆ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ. ಇದು ದುಬಾರಿ ಔಷಧವೂ ಅಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರುತ್ತದೆ. ಹಾಕಲು ಹೆದರುತ್ತಾರೆ, ಅಷ್ಟೇ. ತಡ ಮಾಡುವುದಕ್ಕೇ ಹೆದರಬೇಕು. ಇನ್ನೊಂದು, ಬಿಪಿ ಇಳಿದಿರುವವರನ್ನು ಎದ್ದು ನಿಲ್ಲಿಸಬೇಡಿ, ನಡೆಸಬೇಡಿ.

ತೋಟದಮನೆ_ಕೊಪ್ಪ

ಎಲ್ಲ ಓದುತ್ತಿದ್ದೇನೆ. ತಮ್ಮನಿಗೂ ಓದಿಸಿದೆ. ಒಂದು ಸಂಶಯ. ಚಿಕ್ಕಪ್ಪನಿಗೆ ಇದ್ದದ್ದು ಹೃದಯದ ತೊಂದರೆ ಅಲ್ಲ ಅಂತ ಆ ಹುಡುಗನಿಗೆ ಹೇಗೆ ಗೊತ್ತಾಯಿತು?

ಇಎಂಟಿ_ಹಾಸನ_ಕಡೆ

ಪಕ್ಕಾ ಗೊತ್ತಾಗಿರುವುದಿಲ್ಲ. ಅಂದಾಜು ಮಾಡುತ್ತೇವೆ. ಕಾಲು ಒತ್ತಿ ನೋಡುತ್ತೇವೆ, ಗುಳಿ ಬೀಳುತ್ತದಾ ಅಂತ. ಎರಡು ಮೂರು ದಿನದಿಂದ ದಿಂಬು ಜಾಸ್ತಿ ಬೇಕಾಗಿತ್ತಾ, ಬಿಪಿ ಮಾತ್ರೆ ಬಿಟ್ಟಿದ್ದರಾ, ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತಾ ಅಂತ ಕೇಳುತ್ತೇವೆ.

ರಾತ್ರಿಪಾಳಿ_ಡಾಕ್ಟರ್

ಆಸ್ಪತ್ರೆಯಲ್ಲೂ ಮೊದಲ ಹತ್ತು ನಿಮಿಷ ನಮಗೂ ಅಂದಾಜೇ. ಹೆಸರು ಹುಡುಕುತ್ತಾ ಕೂರುವುದಿಲ್ಲ. ಕೂರಿಸು, ಆಕ್ಸಿಜನ್ ಗುರಿ ನೋಡು, ಎದೆಗೆ ಸ್ಟೆತ್ ಇಡು, ಇಸಿಜಿ ತೆಗೆ, ಸಕ್ಕರೆ ನೋಡು. ಇವೆಲ್ಲ ಒಟ್ಟಿಗೇ ನಡೆಯುತ್ತವೆ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ ಕೆಳಗಿನಿಂದ ಚರಚರ ಶಬ್ದ, ತಣ್ಣನೆ ಬೆವರು, ಕೆಲವೊಮ್ಮೆ ಗುಲಾಬಿ ನೊರೆ. ಬಿಪಿ ಜಾಸ್ತಿ ಇದ್ದರೆ ರಕ್ತನಾಳ ಸಡಿಲಿಸುವ ನೈಟ್ರೇಟ್, ನೀರು ಇಳಿಸಲು ಫ್ರುಸೆಮೈಡ್, ಬಿಗಿ ಮಾಸ್ಕಿನಲ್ಲಿ ಒತ್ತಡದ ಗಾಳಿ. ಸಿಒಪಿಡಿಯಲ್ಲಿ ರಕ್ತ ಆಮ್ಲ ಆಗುತ್ತಿದ್ದರೂ ಆ ಮಾಸ್ಕ್ ಜೀವ ಉಳಿಸುತ್ತದೆ, ಬೈಪ್ಯಾಪ್ ಅನ್ನುತ್ತೇವೆ. ಆ ಮಾಸ್ಕ್ ಹಾಕಿದರೆ ವೆಂಟಿಲೇಟರಿಗೆ ಹಾಕಿದರು ಅಂತ ಮನೆಯವರು ಅಳಲು ಶುರು ಮಾಡುತ್ತಾರೆ. ಬಹಳ ಸಲ ಟ್ಯೂಬ್ ಹಾಕುವುದನ್ನು ತಪ್ಪಿಸುವುದೇ ಅದು.

ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯವರಿಗೆ ತೋರಿಸುವ ವ್ಯವಸ್ಥೆ ಇದೆ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಹಾರ್ಟ್ ಅಟ್ಯಾಕ್ ಎದೆನೋವೇ ಇಲ್ಲದೆ ಬರೀ ಉಸಿರಾಟದ ಕಷ್ಟವಾಗಿ ಬರಬಹುದು. ಇಸಿಜಿ ಕೇಳಿ ತೆಗೆಸಿ.

ಜಯನಗರ_4ನೇ_ಬ್ಲಾಕ್

ಆಕ್ಸಿಮೀಟರ್ 98 ಇದ್ದರೆ ನಿಶ್ಚಿಂತೆಯಿಂದ ಇರಬಹುದಾ ಹಾಗಾದರೆ?

ಪಲ್ಮೊ_ಪಿಜಿ

ಇಲ್ಲ. ಸಕ್ಕರೆ ವಿಪರೀತ ಏರಿ ರಕ್ತ ಆಮ್ಲ ಆದವರು ಆಳವಾಗಿ, ವೇಗವಾಗಿ ಉಸಿರಾಡುತ್ತಾರೆ, ಮೀಟರ್ 99 ಇರುತ್ತದೆ. ಗ್ಯಾಸ್ ಗೀಸರ್ ಇರುವ ಮುಚ್ಚಿದ ಬಚ್ಚಲಲ್ಲಿ ಕಾರ್ಬನ್ ಮಾನಾಕ್ಸೈಡ್ ತಗುಲಿದರೂ ಮೀಟರ್ ಚೆನ್ನಾಗಿಯೇ ತೋರಿಸುತ್ತದೆ, ಆ ಯಂತ್ರಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಟ್ಟುಹಾವು ಕಚ್ಚಿದವರಲ್ಲಿ ರೆಪ್ಪೆ ಜೋತುಬಿದ್ದು, ನುಂಗಲು ಕಷ್ಟವಾಗಿ, ಉಸಿರಿನ ಸ್ನಾಯು ಸೋಲುತ್ತಾ ಬರುತ್ತದೆ. ಮೀಟರ್ ಇಳಿಯುವುದು ಕೊನೆಗೆ. ತಣ್ಣನೆ ಬೆರಳು, ನೇಲ್ ಪಾಲಿಶ್ ಇದ್ದರೆ ಸಂಖ್ಯೆ ತಪ್ಪಬಹುದು. ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಜಾಸ್ತಿ ತೋರಿಸುವುದೂ ಇದೆ. ಆಳು ನೋಡಿ, ಆಮೇಲೆ ಅಂಕಿ.

ಜಯನಗರ_4ನೇ_ಬ್ಲಾಕ್

ಸರಿ, ಒಪ್ಪಿದೆ. ಆದರೆ ಆಂಬುಲೆನ್ಸಿನವರು ಯಾಕೆ ಕಮ್ಮಿ ಮಾಡುತ್ತೇವೆ ಅಂತ ಒಂದು ಮಾತು ಹೇಳಬೇಕಿತ್ತು. ಹೇಳಿದ್ದರೆ ಜಗಳವೇ ಆಗುತ್ತಿರಲಿಲ್ಲ.

ಇಎಂಟಿ_ಹಾಸನ_ಕಡೆ

ಈ ಮಾತು ನಾನೂ ಒಪ್ಪುತ್ತೇನೆ. ಹೇಳಬೇಕು. ತಿರುವಿನಲ್ಲಿ ಒಂದು ಕೈಯಲ್ಲಿ ಮಾಸ್ಕ್, ಇನ್ನೊಂದರಲ್ಲಿ ರೋಗಿ ಹಿಡಿದಿರುವಾಗ ಎಲ್ಲ ಸಲ ಆಗುವುದಿಲ್ಲ.

ತೋಟದಮನೆ_ಕೊಪ್ಪ

ತಮ್ಮ ಈಗ ಹೊಸ ವರಾತ ಶುರು ಮಾಡಿದ್ದಾನೆ. ಮನೆಯಲ್ಲೇ ಒಂದು ಆಕ್ಸಿಜನ್ ಸಿಲಿಂಡರ್ ಇಡೋಣ ಅಂತ. ಇಡಬಹುದಾ?

ರಾತ್ರಿಪಾಳಿ_ಡಾಕ್ಟರ್

ಈಗಲೇ ಬೇಡ. ಹುಷಾರಾಗಿ ಕೆಲವು ವಾರ ಆದ ಮೇಲೂ ಆರಾಮಾಗಿ ಕೂತಾಗ 88 ಅಥವಾ ಕೆಳಗೆ ಇದ್ದರೆ ಡಾಕ್ಟರ್ ರಕ್ತ ಪರೀಕ್ಷೆ ಮಾಡಿ ಮನೆ ಆಕ್ಸಿಜನ್ ಬರೆದುಕೊಡುತ್ತಾರೆ. ಅದು ದಿನಕ್ಕೆ 15 ಗಂಟೆಗೂ ಮೇಲೆ ಹಾಕಿಕೊಳ್ಳುವಂಥದ್ದು, ಸಿಲಿಂಡರ್ ಅಲ್ಲ, ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ, ಕಾನ್ಸಂಟ್ರೇಟರ್. ಬೀಡಿ ಸೇದುವ ಮನೆಯಲ್ಲಿ ಅದು ಬೆಂಕಿ ಅಪಾಯ. ಆ ದುಡ್ಡಲ್ಲಿ ಮೊದಲು ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ಮಾಡಿಸಿ, ಪಂಪ್ ಮತ್ತು ಸ್ಪೇಸರ್ ತೆಗೆದುಕೊಳ್ಳಿ, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿ. ಬೀಡಿ ಬಿಡಿಸಿ. ಅಡಿಕೆ ಒಲೆ ಹತ್ತಿರ ಈ ವರ್ಷ ಬೇರೆ ಯಾರಾದರೂ ಕೂರಲಿ. ಪಂಪ್ ಹೇಗೆ ಎಳೆಯುತ್ತಾರೆ ಅಂತ ಡಾಕ್ಟರ್ ಎದುರೇ ಮಾಡಿ ತೋರಿಸಲು ಹೇಳಿ, ಹೆಚ್ಚಿನವರು ಒತ್ತುವುದು ಒಂದು ಹೊತ್ತು, ಎಳೆಯುವುದು ಇನ್ನೊಂದು ಹೊತ್ತು.

ನಿವೃತ್ತ_ಫಾರ್ಮಸಿಸ್ಟ್

ಸ್ಪೇಸರ್ ವಾರಕ್ಕೊಮ್ಮೆ ಸೋಪು ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಲ್ಲಿ ಒರೆಸಿದರೆ ಔಷಧ ಗೋಡೆಗೆ ಅಂಟುತ್ತದೆ. ಸ್ಟಿರಾಯ್ಡ್ ಪಂಪ್ ಆದರೆ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಹುಣ್ಣು.

ತೋಟದಮನೆ_ಕೊಪ್ಪ

ಸೋಮವಾರ ಶಿವಮೊಗ್ಗಕ್ಕೆ ಸ್ಪೈರೋಮೆಟ್ರಿಗೆ ಹೋಗುತ್ತಿದ್ದೇವೆ. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.